ದರಿಯಾ ದೌಲತ್: ಗೋಡೆ ತುಂಬ ಯುದ್ಧ, ಊರೆಲ್ಲಿ?

ಮಕ್ಕಳಿಗೆ ರಜೆ ಬಂತೆಂದರೆ ಮೈಸೂರು ಪ್ರವಾಸ, ಮೈಸೂರಿನ ದಾರಿಯಲ್ಲಿ ಶ್ರೀರಂಗಪಟ್ಟಣ. ಶಾಲೆಯ ಬಸ್ಸುಗಳೂ ಬುತ್ತಿ ಕಟ್ಟಿಕೊಂಡು ಬಂದ ಕುಟುಂಬಗಳೂ ದರಿಯಾ ದೌಲತ್ ಬಾಗ್‌ನ ಹುಲ್ಲುಹಾಸಿನ ಮೇಲೆ ಕಲೆಯುತ್ತವೆ. ಮಕ್ಕಳು ಕಾಲು ಚಾಚಿ ಓಡಾಡಬಹುದಾದ ಇಂಥ ಮ್ಯೂಸಿಯಂ ನಮ್ಮಲ್ಲಿ ಹೆಚ್ಚಿಲ್ಲ.

1784ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಈ ಬೇಸಿಗೆ ಅರಮನೆಯ ನಿಜವಾದ ಸಂಪತ್ತು ಅದರ ಪಶ್ಚಿಮ ಗೋಡೆ. 1780ರ ಪೊಲ್ಲಿಲೂರು ಯುದ್ಧವನ್ನು ಅಲ್ಲಿ ಬರೆಯಲಾಗಿದೆ. ಇಂಗ್ಲಿಷರ ಪಡೆ ಚೌಕಾಕಾರದಲ್ಲಿ ಸಿಕ್ಕಿಬಿದ್ದಿದೆ. ಮದ್ದಿನ ಬಂಡಿ ಸಿಡಿಯುತ್ತಿದೆ. ಪಲ್ಲಕ್ಕಿಯಲ್ಲಿ ಕರ್ನಲ್ ಬೈಲಿ ಬೆರಳು ಕಚ್ಚಿಕೊಂಡು ಕೂತಿದ್ದಾನೆ. ಕುದುರೆಗಳನ್ನು ಎಣಿಸಲು ಹೊರಟ ನಮ್ಮ ಮಕ್ಕಳು ಅರ್ಧದಲ್ಲೇ ಸೋತರು. ಈ ಚಿತ್ರಗಳು ಮಾಸಿದಾಗ ಅವನ್ನು ಮತ್ತೆ ಬರೆಸಿದವರು ಇಂಗ್ಲಿಷರೇ, ಮೊದಲು ವೆಲ್ಲೆಸ್ಲಿ, ಆಮೇಲೆ ಡಾಲ್‌ಹೌಸಿ. ತಮ್ಮ ಸೋಲಿನ ಚಿತ್ರಕ್ಕೆ ತಾವೇ ಬಣ್ಣ ಹಚ್ಚಿಸಿದರು. ಗೆದ್ದ ಮೇಲೆ ಅಷ್ಟು ಔದಾರ್ಯ ಕಷ್ಟವಲ್ಲ ಬಿಡಿ.

ಪೂರ್ವದ ಗೋಡೆಯ ಮುಂದೆ ಮಾತ್ರ ಜನ ನಿಲ್ಲುವುದಿಲ್ಲ. ಅಲ್ಲಿ ರಕ್ತವಿಲ್ಲ, ದರ್ಬಾರುಗಳಿವೆ. ಮಾಗಡಿ ಕೆಂಪೇಗೌಡ, ಚಿತ್ರದುರ್ಗದ ಮದಕರಿ ನಾಯಕ, ಇಮ್ಮಡಿ ಕೃಷ್ಣರಾಜ ಒಡೆಯರ್, ತಂಜಾವೂರು ಮತ್ತು ಕಾಶಿಯ ರಾಜರು, ಚಿತ್ತೂರಿನ ರಾಣಿ, ಪೇಶ್ವೆ ಬಾಲಾಜಿರಾವ್ ಎಲ್ಲರೂ ಇದ್ದಾರೆ. ಇವರಲ್ಲಿ ಮೈಸೂರಿನೊಡನೆ ಕಾದಾಡಿದವರೂ ಇದ್ದಾರೆ. ಟಿಪ್ಪುವಿನ ಹೆಸರೆತ್ತಿದರೆ ಬೀದಿಗಿಳಿಯುವ ಈ ಕಾಲದಲ್ಲಿ, ಪರವಾದವರಾಗಲಿ ವಿರೋಧಿಗಳಾಗಲಿ ಈ ಗೋಡೆಯ ಬಗ್ಗೆ ಮಾತಾಡಿದ್ದನ್ನು ನಾವು ಕೇಳಿಲ್ಲ.

ನಮ್ಮ ತಕರಾರು ಒಳಗಿನ ಪ್ರದರ್ಶನದ ಬಗ್ಗೆ. ಇಲ್ಲಿ ಹೆಸರಾದ ತೈಲಚಿತ್ರ ರಾಬರ್ಟ್ ಕೆರ್ ಪೋರ್ಟರ್ 1800ರಲ್ಲಿ ಬರೆದ ಶ್ರೀರಂಗಪಟ್ಟಣದ ಮುತ್ತಿಗೆ. ಸುಲ್ತಾನನ ಮಕ್ಕಳ ಮುಖಗಳನ್ನು ನಮಗೆ ಉಳಿಸಿಕೊಟ್ಟಿರುವುದು ಥಾಮಸ್ ಹಿಕ್ಕಿಯ ಗೆರೆಗಳು. ಉಳಿದಂತೆ ಕತ್ತಿ, ನಾಣ್ಯ, ಪಟಗಳು. ಎಲ್ಲವೂ ಅಮೂಲ್ಯವೇ. ಆದರೆ ಇವನ್ನೆಲ್ಲ ನೋಡಿ ಹೊರಬಂದ ಮಗುವಿಗೆ ಇದು ಮುತ್ತಿಗೆಗೊಳಗಾದ ಒಂದು ಕೋಟೆ ಎಂದು ತಿಳಿಯುತ್ತದೆಯೇ ಹೊರತು, ಜನ ಬದುಕಿದ ಊರು ಎಂದು ತಿಳಿಯುವುದಿಲ್ಲ.

ಊರಿನ ಕಥೆ ಸಣ್ಣದಲ್ಲ. ಪಕ್ಕದ ಗಂಜಾಮನ್ನು ತುಂಬಲು ಟಿಪ್ಪು ಶಿರಾದಿಂದ 12,000 ಕುಟುಂಬಗಳನ್ನು ಕರೆತಂದನೆಂದು ಗೆಜೆಟಿಯರುಗಳು ಹೇಳುತ್ತವೆ. ಮನೆಮಠ ಬಿಟ್ಟು ಬಂದ ಅವರು ಇಷ್ಟಪಟ್ಟು ಬಂದರೇ? ಈ ಪ್ರಶ್ನೆಯನ್ನೂ ಒಂದು ಮ್ಯೂಸಿಯಂ ಅಂಜದೆ ಕೇಳಬೇಕು. ಸುಲ್ತಾನನ ಕಾಲದಲ್ಲಿ ದ್ವೀಪದಲ್ಲಿ ಸುಮಾರು 1,50,000 ಜನರಿದ್ದರೆಂದು ಬುಕಾನನ್ ಅಂದಾಜು ಮಾಡಿದ್ದ. 1800ರಲ್ಲಿ ಆತ ಬಂದಾಗ ಉಳಿದಿದ್ದವರು ಸುಮಾರು 32,000. 1799ರ ಮೇ 4ರಂದು ಸುಲ್ತಾನ್ ಬಿದ್ದ ಜಾಗಕ್ಕೆ ಕಲ್ಲು ನೆಟ್ಟಿದ್ದಾರೆ. ಲಕ್ಷಕ್ಕೂ ಮಿಕ್ಕಿ ಜನ ಎಲ್ಲಿ ಹೋದರು, ಎಷ್ಟು ಮಂದಿ ಸತ್ತರು, ಎಷ್ಟು ಮಂದಿ ಗಂಟುಮೂಟೆ ಕಟ್ಟಿದರು ಎಂಬುದಕ್ಕೆ ಯಾವ ಕಲ್ಲೂ ಇಲ್ಲ. ಆಮೇಲೆ ದಂಡು ಬೆಂಗಳೂರಿಗೆ ಹೋಯಿತು, ಚಳಿಜ್ವರ ಉಳಿದವರನ್ನು ಕಾಡಿತು, ರಾಜಧಾನಿ ಹಳ್ಳಿಯಂತಾಯಿತು.

ಮನಸ್ಸಿದ್ದರೆ ನಮ್ಮವರು ಏನು ಬೇಕಾದರೂ ಮಾಡಬಲ್ಲರು. ಜೋಡಿ ರೈಲುಹಳಿಗೆ ಅಡ್ಡ ಬಂತೆಂದು 2017ರಲ್ಲಿ ಇದೇ ಊರಿನ ಟಿಪ್ಪು ಕಾಲದ ಮದ್ದಿನ ಮನೆಯನ್ನು ಒಡೆಯದೆ, ಇಡಿಯಾಗಿ ಎತ್ತಿ ನೂರು ಮೀಟರಿಗೂ ಆಚೆ ಕೂರಿಸಿದರು. ಅದರ ಮುಂದೆ ಒಂದು ಕೋಣೆಯಲ್ಲಿ ಹಳೆಯ ಪಟ್ಟಣದ ನಕ್ಷೆ ತೂಗುಹಾಕಿ, ಟಂಕಸಾಲೆ ಎಲ್ಲಿತ್ತು, ಸಂತೆ ಎಲ್ಲಿ ಸೇರುತ್ತಿತ್ತು, ಯಾವ ಕೇರಿಯಲ್ಲಿ ಯಾರಿದ್ದರು ಎಂದು ಮಕ್ಕಳ ಕಣ್ಣಿಗೆ ಎಟುಕುವ ಎತ್ತರದಲ್ಲಿ ಕನ್ನಡದಲ್ಲಿ ಬರೆಯುವುದು ಎಷ್ಟರ ಕೆಲಸ?

ಅಲ್ಲಿಯವರೆಗೆ, ಹೋಗುವವರು ಪೂರ್ವದ ಗೋಡೆಯ ಮುಂದೆ ಹತ್ತು ನಿಮಿಷ ಮಕ್ಕಳನ್ನು ನಿಲ್ಲಿಸಿ. ಗುಂಬಜ್ ನೋಡಿ ಹಿಂದಿರುಗುವಾಗ ಗಂಜಾಮಿನ ಬೀದಿಗಳಲ್ಲೂ ಒಂದು ಸುತ್ತು ಹಾಕಿ ಬನ್ನಿ.