ಕೊರಳಿಗಿಂತ ಮೊದಲು ಮೊಣಕೈ

ಬ್ರೆಜಿಲಿಯನ್ ಜಿಯು-ಜಿಟ್ಸುವಿನಲ್ಲಿ ಬೆನ್ನು ಹತ್ತಿ ಹಾಕುವ ಚೋಕ್‌ನಿಂದ ಪಾರಾಗುವ ಬಗೆಯನ್ನು ಈ ವಾರ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಬಿಳಿ ಬೆಲ್ಟಿನವರ ತಗಾದೆ ಹಳೆಯದು, ಬೇಗ ತೀರಿಸಿಬಿಡುತ್ತೇನೆ. ಕೊರಳತ್ತ ಬರುವ ತೋಳನ್ನು ದಾರಿಯಲ್ಲೇ ಎರಡೂ ಕೈಯಿಂದ ಹಿಡಿಯಿರಿ. ಬಂದು ಸುತ್ತಿಕೊಂಡೇಬಿಟ್ಟಿತೋ, ತಲೆಯ ಹಿಂದಕ್ಕೆ ನುಸುಳುವ ಇನ್ನೊಂದು ಅಂಗೈಯನ್ನು ಕಿತ್ತು ಕೆಳಗೆಳೆಯಿರಿ. ಅದು ಕೂರದೆ ಬೀಗ ಬೀಳದು. ಆಮೇಲೆ ಎದುರಾಳಿಯ ತೋಳು ನಿಮ್ಮ ಕಂಕುಳಡಿ ಇರುವ ಕಡೆಗೆ ಜಾರಿ, ಬೆನ್ನನ್ನು ಮ್ಯಾಟ್‌ಗೆ ಒತ್ತಿ. ಕೊರಳು ಬಳಸಿದ ತೋಳಿನ ಕಡೆ ಉರುಳಿದಿರೋ, ಅವನ ಕೆಲಸವನ್ನು ನೀವೇ ಮಾಡಿಕೊಟ್ಟಿರಿ.

‘ಗದ್ದ ಒಳಗೆ ಒತ್ತಿಕೊಂಡರೆ ಸಾಕು’ ಎನ್ನುವ ಪಂಗಡಕ್ಕೂ ನನಗೂ ಎಂದೂ ಸರಿಹೋಗಿಲ್ಲ. ಗದ್ದ ಒಂದೆರಡು ಕ್ಷಣ ಗಳಿಸಿಕೊಡುತ್ತದೆ, ನಿಜ. ಅಷ್ಟರಲ್ಲಿ ಕೈ ಕೆಲಸ ಮಾಡದಿದ್ದರೆ ದವಡೆಯ ಮೇಲೇ ತೋಳು ಬಿಗಿಯುತ್ತದೆ, ನೋವಿಗೆ ಗದ್ದ ತಾನಾಗಿ ಏಳುತ್ತದೆ. ಇವರಿಗಿಂತ ಅಪಾಯಕಾರಿಗಳು ರೀಲ್ಸ್ ಪಂಡಿತರು. ಪೂರ್ತಿ ಬಿಗಿದ ಚೋಕ್‌ನಿಂದ ಕೊನೆಗಳಿಗೆಯಲ್ಲಿ ಪಾರಾಗುವ ಗುಟ್ಟನ್ನು ಮಾರುತ್ತಾರೆ. ಕೊರಳಿನ ಎರಡೂ ಬದಿಯ ರಕ್ತನಾಳ ಸರಿಯಾಗಿ ಅಮುಕಿದರೆ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಪ್ರಜ್ಞೆ ತಪ್ಪುತ್ತದೆ. ಉಸಿರಾಟ ನಡೆಯುತ್ತಲೇ ಇರಬಹುದು, ನಿಲ್ಲುವುದು ಮಿದುಳಿಗೆ ಹೋಗುವ ರಕ್ತ. ಅಲ್ಲಿ ಹಟ ಬೇಡ, ಟ್ಯಾಪ್ ಮಾಡಿ ಸೋಲೊಪ್ಪಿ.

ಸಾಲ ತೀರಿತು. ಇನ್ನು ನನ್ನ ಹುಚ್ಚಿಗೆ ಬರುತ್ತೇನೆ: ಜಿಯು-ಜಿಟ್ಸು ಪಟು ರೋಜರ್ ಗ್ರೇಸಿ. ಮೌಂಟ್‌ನಲ್ಲಿ, ಅಂದರೆ ಅಂಗಾತ ಬಿದ್ದ ಎದುರಾಳಿಯ ಮೇಲೆ, ಕೂತು ಹಾಕುವ ಕ್ರಾಸ್ ಕಾಲರ್ ಚೋಕ್ ಹೊಸಬರ ಮೊದಲ ಪಾಠಗಳಲ್ಲೊಂದು. 2009ರಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಆತ ಅದೇ ಪಟ್ಟನ್ನು ಮತ್ತೆ ಮತ್ತೆ ಹಾಕಿದ. ಮುಕ್ತ ವಿಭಾಗದ ಫೈನಲ್‌ನಲ್ಲಿ ರೊಮುಲೊ ಬರಾಲ್‌ನಂಥ ಜಟ್ಟಿ ಕೂಡ ಅದಕ್ಕೇ ಸೋತ. ಕಪ್ಪು ಬೆಲ್ಟಿನವರಿಗೆ ಅದು ಬರುತ್ತದೆಂದು ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು.

ಆ ಪಂದ್ಯಗಳನ್ನು ನೋಡುವಾಗ ರೋಜರ್‌ನ ಕೈಯನ್ನಲ್ಲ, ಸೊಂಟವನ್ನು ನೋಡಿ. ಮೊದಲು ಭಾರ ಇಳಿಸುತ್ತಾನೆ. ಮಂಡಿಗಳು ಇಂಚಿಂಚಾಗಿ ಎದುರಾಳಿಯ ಕಂಕುಳತ್ತ ಏರುತ್ತವೆ, ಮೊಣಕೈಗಳು ಪಕ್ಕೆಯಿಂದ ಬಿಡಿಸಿಕೊಳ್ಳುತ್ತವೆ. ಆಮೇಲಷ್ಟೇ ಒಂದು ಕೈ ಕಾಲರಿನೊಳಗೆ ಆಳಕ್ಕೆ ಇಳಿಯುತ್ತದೆ. ಈಗ ಕೆಳಗಿರುವವನದು ಅಡಕತ್ತರಿಯ ಸ್ಥಿತಿ. ಕೊರಳು ಕಾಯಲು ಕೈ ಎತ್ತಿದರೆ ತೋಳು ಆರ್ಮ್‌ಬಾರ್‌ಗೆ ಸಿಗುತ್ತದೆ, ತೋಳು ಉಳಿಸಿಕೊಂಡರೆ ಎರಡನೆಯ ಕೈ ಕಾಲರ್ ಹಿಡಿಯುತ್ತದೆ. ಸೋಲು ಕಾಣುವುದು ಕೊರಳಲ್ಲಿ, ಆದರೆ ಅದು ಶುರುವಾಗಿದ್ದು ಮೊಣಕೈ ಪಕ್ಕೆ ಬಿಟ್ಟ ಗಳಿಗೆಯಲ್ಲಿ.

ಆದ್ದರಿಂದ ಹೊಸಬರು ಚೋಕ್ ಬಿಗಿದ ಮೇಲಿನ ಕಸರತ್ತನ್ನು ಬದಿಗಿಟ್ಟು ಇದನ್ನು ಅಭ್ಯಾಸ ಮಾಡಿ. ಜೊತೆಗಾರ ಮೌಂಟ್‌ನಲ್ಲಿ ಕೂರಲಿ, ಒಂದೇ ಕೈ ಕಾಲರಿಗೆ ಹಾಕಲಿ, ಬಿಗಿಯುವುದು ಬೇಡ. ಆ ಮಣಿಕಟ್ಟನ್ನು ನಿಮ್ಮ ಎದೆಗೆ ಅವುಚಿಕೊಂಡು, ಆ ಕಡೆಯ ಅವನ ಪಾದವನ್ನು ನಿಮ್ಮ ಕಾಲಿಂದ ಕಟ್ಟಿಹಾಕಿ, ಸೊಂಟ ಎತ್ತಿ ಅತ್ತಲೇ ಉರುಳಿಸಿ. ಕಾಲರಿನಲ್ಲಿ ಸಿಕ್ಕಿಕೊಂಡ ಕೈಯನ್ನು ಊರಿ ಅವನು ತಡೆಯಲಾರ. ಇದು ಮೊದಲ ಕೈಗೆ ಮಾತ್ರ. ಎರಡನೆಯದೂ ಬಂದಿದ್ದರೆ ಟ್ಯಾಪ್ ಮಾಡಿ, ಮತ್ತೆ ಶುರು ಮಾಡಿ.