ಮಯನ್ಮಾರ್ ಮತ್ತು ಅರೆಬರೆ ನಿರ್ಬಂಧ

2023ರ ಏಪ್ರಿಲ್ 11ರ ಬೆಳಿಗ್ಗೆ ಮಯನ್ಮಾರ್‌ನ ಸಗಾಯಿಂಗ್ ಪ್ರಾಂತ್ಯದ ಪಜಿಗಿ ಎಂಬ ಹಳ್ಳಿಯಲ್ಲಿ ಸೇನಾಡಳಿತವನ್ನು ಒಪ್ಪದ ಜನ ತಮ್ಮದೇ ಕಚೇರಿಯೊಂದನ್ನು ತೆರೆಯಲು ಸೇರಿದ್ದರು. ಯುದ್ಧವಿಮಾನ ಬಾಂಬ್ ಹಾಕಿತು. ಬದುಕುಳಿದು ಓಡುತ್ತಿದ್ದವರ ಮೇಲೆ ಹೆಲಿಕಾಪ್ಟರ್ ಗುಂಡಿನ ಮಳೆಗರೆಯಿತು. ಸತ್ತವರು 150ಕ್ಕೂ ಹೆಚ್ಚು. ಅವರಲ್ಲಿ ಮಕ್ಕಳೂ ಇದ್ದರು.

ಆ ವಿಮಾನದ ಇಂಧನ, ಬಿಡಿಭಾಗ ಯಾರು ಕೊಟ್ಟದ್ದು? ಶಸ್ತ್ರಾಸ್ತ್ರ ನಿರ್ಬಂಧವನ್ನು ಅಳೆಯಬೇಕಾದದ್ದು ಈ ಪ್ರಶ್ನೆಯಿಂದ. 2021ರ ಸೇನಾ ಕ್ಷಿಪ್ರಕ್ರಾಂತಿಯ ಬಳಿಕ ವಿಶ್ವಸಂಸ್ಥೆಯ ಮಹಾಸಭೆ ಮಯನ್ಮಾರ್‌ಗೆ ಶಸ್ತ್ರ ಹೋಗದಂತೆ ತಡೆಯಿರಿ ಎಂದು ಕರೆ ಕೊಟ್ಟಿತು. 119 ದೇಶಗಳು ಪರ, ಬೆಲಾರೂಸ್ ಒಂದೇ ವಿರುದ್ಧ. ಭಾರತ, ಚೀನಾ, ರಷ್ಯಾ ಸೇರಿ 36 ತಟಸ್ಥ. ಆ ಕರೆಗೆ ಕಾನೂನಿನ ಬಲವಿಲ್ಲ. ಬಲವಿರುವ ಭದ್ರತಾ ಮಂಡಳಿ 2022ರ ಡಿಸೆಂಬರ್‌ನಲ್ಲಿ ಹಿಂಸೆ ನಿಲ್ಲಿಸಿ ಎಂದಿತೇ ಹೊರತು ಶಸ್ತ್ರ ಮಾರಬೇಡಿ ಎನ್ನಲಿಲ್ಲ.

ನಿರ್ಬಂಧದಿಂದ ಏನೂ ಆಗದು ಎನ್ನುವವರು ದಕ್ಷಿಣ ಆಫ್ರಿಕಾವನ್ನು ತೋರಿಸುತ್ತಾರೆ. ವರ್ಣಭೇದ ನೀತಿಯ ವಿರುದ್ಧ ಹೋರಾಡುತ್ತಿದ್ದ ಸ್ಟೀವ್ ಬೀಕೊ ಪೊಲೀಸ್ ವಶದಲ್ಲಿ ಸತ್ತ ಎರಡು ತಿಂಗಳೊಳಗೆ, 1977ರ ನವೆಂಬರ್ 4ರಂದು, ಭದ್ರತಾ ಮಂಡಳಿ ಕಡ್ಡಾಯ ನಿರ್ಬಂಧ ಹೇರಿತು. ಅಲ್ಲಿನ ಸರ್ಕಾರ ಕಳ್ಳದಾರಿ ಹುಡುಕಿತು, ಫಿರಂಗಿಗಳನ್ನು ತಾನೇ ತಯಾರಿಸಿ ಹೊರದೇಶಕ್ಕೂ ಮಾರಿತು. ನಿಜ. ಆದರೆ 1987-88ರ ಅಂಗೋಲಾ ಯುದ್ಧದಲ್ಲಿ ಅದರ ಹಳೆಯ ಮಿರಾಜ್ ವಿಮಾನಗಳು ಎದುರಾಳಿಯ ಮಿಗ್-23ಗಳಿಗಿಂತ ಹಿಂದೆ ಬಿದ್ದವು, ಹೊಸವನ್ನು ಕೊಳ್ಳುವ ಹಾದಿ ಮುಚ್ಚಿತ್ತು. ಫಿರಂಗಿ ಮಾಡಿಕೊಂಡಷ್ಟು ಸುಲಭವಾಗಿ ವಿಮಾನ ಮಾಡಿಕೊಳ್ಳಲಾಗದು.

ತಡೆ ಫಲ ಕೊಡುತ್ತದೆ ಎಂಬುದಕ್ಕೆ ಮಯನ್ಮಾರ್‌ನಲ್ಲೂ ಪುರಾವೆಯಿದೆ. ಕ್ಷಿಪ್ರಕ್ರಾಂತಿಯ ನಂತರ ಅಲ್ಲಿನ ಸೇನೆ ಕನಿಷ್ಠ 100 ಕೋಟಿ ಡಾಲರ್ ಮೌಲ್ಯದ ಶಸ್ತ್ರ, ಸಾಮಗ್ರಿ ತರಿಸಿಕೊಂಡಿತೆಂದು ವಿಶ್ವಸಂಸ್ಥೆಯ ವಿಶೇಷ ವರದಿಗಾರ ಟಾಮ್ ಆಂಡ್ರ್ಯೂಸ್ 2023ರ ಮೇನಲ್ಲಿ ಲೆಕ್ಕ ಕೊಟ್ಟರು. ಹೆಚ್ಚಿನ ಪಾಲು ರಷ್ಯಾ, ಚೀನಾಗಳದ್ದು; 25 ಕೋಟಿಗೂ ಹೆಚ್ಚು ಸಿಂಗಪುರದ ಕಂಪನಿಗಳ ಮೂಲಕ. ಸಿಂಗಪುರ ತನಿಖೆಗಿಳಿಯಿತು, ಆ ಹರಿವು ಒಂದೇ ವರ್ಷದಲ್ಲಿ ಬಹುತೇಕ ಬತ್ತಿತು. ಮನಸ್ಸಿದ್ದರೆ ಸಾಧ್ಯ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಅದೇ ವರದಿಯಲ್ಲಿ ಭಾರತದ ಪಾಲು 5.1 ಕೋಟಿ ಡಾಲರ್. ಹೆಸರಿಸಿದ ಪೂರೈಕೆದಾರರಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಕೂಡ ಇದೆ. ಮೊತ್ತ ಚಿಕ್ಕದು, ಚೀನಾ ಹೇಗೂ ಮಾರುತ್ತದೆ, ಗಡಿಯ ಭದ್ರತೆಗೆ ಆ ಸೇನೆಯ ಸ್ನೇಹ ಬೇಕು ಎಂಬ ವಾದಗಳನ್ನೆಲ್ಲ ಕೇಳಿದ್ದೇನೆ. ಪಜಿಗಿಯ ಮುಂದೆ ಯಾವುದೂ ನಿಲ್ಲುವುದಿಲ್ಲ. ಬಿಇಎಲ್ ಸರ್ಕಾರಿ ಉದ್ಯಮ, ಅಂದರೆ ನಮ್ಮದು. ಅದರ ರಫ್ತಿಗೆ ಅನುಮತಿ ಕೊಟ್ಟವರು ಯಾರು, ಬಳಕೆಯ ಬಗ್ಗೆ ಯಾವ ಖಾತರಿ ಪಡೆದರು ಎಂದು ಕರ್ನಾಟಕದಿಂದ ಆಯ್ಕೆಯಾದ ಸಂಸದರು ಲೋಕಸಭೆಯಲ್ಲಿ ಎದ್ದು ನಿಂತು ಕೇಳಬೇಕು.