ಪೂರ್ತಿ ವಾಕ್ಯದ ಹಟ

ನಂಜನಗೂಡಿನ ಬಳಿಯ ಹುಲ್ಲಹಳ್ಳಿಯಲ್ಲಿ ‘ನಾಲೇಲಿ ನೀರು ಬಂತಾ?’ ಎಂದು ಕೇಳಿದರೆ ‘ಬಂತು’ ಎನ್ನುತ್ತಾರೆ. ‘ನಂಜನಗೂಡು ತೇರಿಗೆ ಹೋಗಿದ್ಯಾ?’ ಎಂದರೆ ‘ಹೋಗಿದ್ದೆ’. ಪ್ರಶ್ನೆಯ ಕ್ರಿಯಾಪದವನ್ನೇ ಎತ್ತಿಕೊಂಡು ಉತ್ತರಿಸುವುದು ಕನ್ನಡದ ಕ್ರಮ. ಹೀಗೆ ಮಾತಾಡಿ ಬೆಳೆದ ಮಕ್ಕಳಿಗೆ ಇಂಗ್ಲಿಷ್ ತರಗತಿಯಲ್ಲಿ ಮಾತ್ರ ‘ಪೂರ್ತಿ ವಾಕ್ಯದಲ್ಲಿ ಹೇಳು’ ಎಂಬ ಅಪ್ಪಣೆಯಾಗುತ್ತದೆ. ಕನ್ನಡ ಮಾಧ್ಯಮ ಶಾಲೆಗಳಲ್ಲಿ ಬೇರೂರಿರುವ ಈ ರೂಢಿಯಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು.

ಪೂರ್ತಿ ವಾಕ್ಯದಿಂದ ಪದಗಳ ಜೋಡಣೆ ಕೈಗೆ ಹತ್ತುತ್ತದೆ, ಬರವಣಿಗೆಗೆ ನೆರವಾಗುತ್ತದೆ ಎಂಬ ಸಮರ್ಥನೆಯಲ್ಲಿ ಹುರುಳಿದೆ. ಆದರೆ ಮಾತಿನಲ್ಲಿ ಆಗುವುದೇ ಬೇರೆ. ‘ಡಸ್ ದಿಸ್ ಬಸ್ ಗೋ ಟು ನಂಜನಗೂಡು?’ ಎಂದರೆ ಮಗು ಪ್ರಶ್ನೆಯನ್ನೇ ತಿರುಗಿಸಿ ‘ಯೆಸ್, ದಿಸ್ ಬಸ್ ಗೋ ಟು ನಂಜನಗೂಡು’ ಎನ್ನುತ್ತದೆ. ಇಲ್ಲಿ ‘ಗೋ’ ಎಂಬುದು ‘ಗೋಸ್’ ಆಗಬೇಕಿತ್ತು. ‘ಯೆಸ್, ಇಟ್ ಡಸ್’ ಎಂದಿದ್ದರೆ ಆ ತೊಡಕೇ ಇರುತ್ತಿರಲಿಲ್ಲ. ಬೇಕಾದ ‘ಡಸ್’ ಪ್ರಶ್ನೆಯ ಬಾಯಲ್ಲೇ ಇದೆ. ಮಗುವಿಗೆ ಮೊದಲು ಹೇಳಿಕೊಡಬೇಕಾದ ವ್ಯತ್ಯಾಸ ಇದು: ಕನ್ನಡ ಮುಖ್ಯ ಕ್ರಿಯಾಪದವನ್ನು ಎತ್ತಿಕೊಳ್ಳುತ್ತದೆ, ಇಂಗ್ಲಿಷ್ ಸಹಾಯಕ ಕ್ರಿಯಾಪದವನ್ನು. ಇದನ್ನು ಬಿಡಿಸಿ ಹೇಳದ ಕಾರಣಕ್ಕೇ ‘ಡು ಯು ಲೈಕ್ ಮ್ಯಾಂಗೋಸ್?’ ಎಂಬುದಕ್ಕೆ ‘ಯೆಸ್, ಐ ಲೈಕ್’ ಎಂಬ ಉತ್ತರ ಬರುತ್ತದೆ. ಅದು ಕನ್ನಡದ ಸರಿಯಾದ ತರ್ಕದಿಂದಲೇ ಹುಟ್ಟಿದ ತಪ್ಪು.

ಚುಟುಕು ಉತ್ತರ ಸುಲಭವೆಂದಲ್ಲ. ಕನ್ನಡದ ‘ಬಂದೆ’ಯಲ್ಲಿ ‘ನಾನು’ ಅಡಗಿದೆ; ಇಂಗ್ಲಿಷಿನಲ್ಲಿ ‘ಐ’ ಹೊರಗೆ ಬರಲೇಬೇಕು. ‘ನಿನ್ನೆ ಬರಲಿಲ್ವಾ?’ ಎಂದರೆ ನಾವು ‘ಹೌದು, ಬರಲಿಲ್ಲ’ ಎನ್ನುವುದುಂಟು. ಇಂಗ್ಲಿಷಿನಲ್ಲಿ ಬಾರದವನು ‘ನೋ, ಐ ಡಿಡಂಟ್’ ಎಂದೇ ಹೇಳಬೇಕು. ಪಾಠದ ಹೊತ್ತು ಹೋಗಬೇಕಾದದ್ದು ಇಂಥ ಗಂಟುಗಳನ್ನು ಬಿಡಿಸುವುದಕ್ಕೆ.

ಹಾಗೆಂದು ಪೆನ್ನು ಹಿಡಿದು ‘ಈಸ್ ದಿಸ್ ಎ ಪೆನ್?’ ಎಂದು ಕೇಳಿ, ಇಡೀ ತರಗತಿಯಿಂದ ‘ಯೆಸ್, ಇಟ್ ಈಸ್’ ಎಂದು ಕೂಗಿಸಿದರೆ ಸಾಲದು. ಎಲ್ಲರಿಗೂ ಗೊತ್ತಿರುವುದನ್ನು ಕೇಳಿದರೆ ಅದು ಪ್ರಶ್ನೆಯೇ ಆಗುವುದಿಲ್ಲ. ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು 1979ರಿಂದ 1984ರವರೆಗೆ ನಡೆಸಿದ, ‘ಬೆಂಗಳೂರು ಯೋಜನೆ’ ಎಂದೇ ಜಗತ್ತಿನ ಭಾಷಾಬೋಧಕರ ನಡುವೆ ಹೆಸರಾದ ಪ್ರಯೋಗ ನೆನಪಾಗಬೇಕಾದದ್ದು ಇಲ್ಲಿ. ಅಲ್ಲಿ ಮಕ್ಕಳು ನಕ್ಷೆ, ರೈಲಿನ ವೇಳಾಪಟ್ಟಿ ನೋಡಿ ಲೆಕ್ಕ ಹಾಕಿ ಉತ್ತರ ಹೇಳಬೇಕಿತ್ತು. ಗಮನವೆಲ್ಲ ಅರ್ಥದ ಮೇಲೆ. ಭಾಷೆ ತಪ್ಪಿದರೆ ಮೇಷ್ಟ್ರು ಮಾತಿನ ಓಟದಲ್ಲೇ ಸರಿಯಾದ ರೂಪ ಹೇಳಿ ಮುಂದೆ ಹೋಗುತ್ತಿದ್ದರು. ವ್ಯಾಕರಣ ತಾನಾಗಿ ಕೂಡಿಬರುತ್ತದೆ ಎಂಬ ಪ್ರಭು ಅವರ ನಂಬಿಕೆಯನ್ನು ನಾನು ಪೂರ್ತಿ ಒಪ್ಪಲಾರೆ. ಮನೆಯಲ್ಲೂ ಬೀದಿಯಲ್ಲೂ ಇಂಗ್ಲಿಷ್ ಕಿವಿಗೆ ಬೀಳದ ಮಗುವಿಗೆ ನಿಯಮವನ್ನು ಒಮ್ಮೆ ನೇರವಾಗಿ ತೋರಿಸಿಕೊಡಲೇಬೇಕು. ಆದರೆ ಪ್ರಶ್ನೆ ನಿಜದ್ದಾಗಿರಬೇಕು ಎಂಬ ಅವರ ಪಾಠ ಇಂದಿಗೂ ಗಟ್ಟಿ.

ಹುಲ್ಲಹಳ್ಳಿ ಬಸ್ ನಿಲ್ದಾಣದ ವೇಳಾಪಟ್ಟಿ ಸಾಕು, ಒಂದು ವಾರದ ಪಾಠವಾಗುತ್ತದೆ. ಒಬ್ಬಳು ಕೇಳಲಿ, ಇನ್ನೊಬ್ಬ ನೋಡಿ ಹೇಳಲಿ. ‘ನೋ, ಇಟ್ ಡಸಂಟ್’ ಎಂದವನು ವ್ಯಾಕರಣವನ್ನೂ ಉಳಿಸಿಕೊಂಡ, ಗೆಳತಿ ತಪ್ಪು ಬಸ್ಸು ಹತ್ತದಂತೆಯೂ ನೋಡಿಕೊಂಡ. ಪೂರ್ತಿ ವಾಕ್ಯ ಬರವಣಿಗೆಗಿರಲಿ. ಮಾತಿನಲ್ಲಿ ಇಷ್ಟಕ್ಕೆ ಪೂರ್ತಿ ಅಂಕ ಸಲ್ಲಬೇಕು.